ಹನ್ನೆರಡು ಸಂಖ್ಯೆಯ ಮಡಕೆ

ಮೈಸೂರಿನ ಕುಂಬಾರಕೊಪ್ಪಲು ಗೊತ್ತಲ್ಲ, ಮಕ್ಕಳೇ? ಹೆಸರನ್ನು ಬಿಡಿಸಿದರೆ ಕುಂಬಾರರ ಕೊಪ್ಪಲು, ಮಡಕೆ ಮಾಡುವವರ ಪುಟ್ಟ ಊರು. ಹಸಿ ಮಡಕೆ ಸರಿಬರದಿದ್ದರೆ ಮಣ್ಣನ್ನು ಮತ್ತೆ ಮಿದ್ದು ತಿಗರಿಗೆ ಏರಿಸಬಹುದು. ಆವಿಗೆಯಲ್ಲಿ ಸುಟ್ಟ ಮೇಲೆ ಮಾತ್ರ ಆಕಾರ ಗಟ್ಟಿ.

ಕಂಪ್ಯೂಟರಿನಲ್ಲಿ ನೀವು ಬರೆಯುವ ಕಥೆ ಹಸಿ ಮಣ್ಣು. ನಿನ್ನೆಯದನ್ನು ಅಳಿಸಿ ಇವತ್ತು ಬೇರೆ ಬರೆದರೆ ನಿನ್ನೆಯದು ಹೋಯಿತು. ಹಾಗಾಗದಂತೆ ಪ್ರತಿ ಹಂತವನ್ನೂ ಸುಟ್ಟು ಅಟ್ಟದ ಮೇಲೆ ಜೋಡಿಸಿಡುವ ತಂತ್ರಾಂಶವೇ ಗಿಟ್. ಲಿನಕ್ಸ್ ಕಟ್ಟಿದ ಲಿನಸ್ ಟೋರ್ವಾಲ್ಡ್ಸ್ ಇದನ್ನು 2005ರ ಏಪ್ರಿಲ್ 3ರಂದು ಶುರು ಮಾಡಿದರು. 7ನೇ ತಾರೀಕಿಗಾಗಲೇ ಗಿಟ್ ತನ್ನದೇ ಬೆಳವಣಿಗೆಯನ್ನು ತಾನೇ ದಾಖಲಿಸಿಕೊಳ್ಳುತ್ತಿತ್ತು!

ಉಬುಂಟು ಇರುವ ಕಂಪ್ಯೂಟರಾದರೆ ಟರ್ಮಿನಲ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ 'ಸುಡೋ ಆಪ್ಟ್ ಇನ್‌ಸ್ಟಾಲ್ ಗಿಟ್' ಎಂದು ಬರೆಯಿರಿ. ಪಾಸ್‌ವರ್ಡ್ ಕೇಳುತ್ತದೆ, ಮನೆಯ ಹಿರಿಯರು ಹಾಕಲಿ. ಹಾಕುವಾಗ ಎಷ್ಟೋ ಕಂಪ್ಯೂಟರುಗಳಲ್ಲಿ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿತೆಂದು ಗಾಬರಿಯಾಗಬೇಡಿ.

ಮೊದಲಿಗೆ ಗಿಟ್‌ಗೆ 'ಗಿಟ್ ಕಾನ್ಫಿಗ್' ಆಜ್ಞೆಯಿಂದ ನಿಮ್ಮ ಹೆಸರು, ಇಮೇಲ್ ತಿಳಿಸಬೇಕು. ಪ್ರತಿ ಮಡಕೆಯ ತಳದಲ್ಲೂ ಅದು ಇವೆರಡನ್ನೂ ಒತ್ತುತ್ತದೆ. ಆದ್ದರಿಂದ ಯಾವ ಇಮೇಲ್ ಕೊಡಬೇಕೆಂದು ಹಿರಿಯರನ್ನು ಕೇಳಿ. ಆಮೇಲೆ ಕಥೆಯ ಫೋಲ್ಡರಿನೊಳಗೆ ಹೋಗಿ 'ಗಿಟ್ ಇನಿಟ್' ಎಂದರೆ ಆವಿಗೆ ಸಿದ್ಧ. 'ಗಿಟ್ ಆಡ್' ಎಂದರೆ ಮಡಕೆಯನ್ನು ಆವಿಗೆಗೆ ಇಟ್ಟಂತೆ, 'ಗಿಟ್ ಕಮಿಟ್' ಎಂದರೆ ಸುಟ್ಟಂತೆ.

ಈಗ ನನಗೆ ಬಹಳ ಇಷ್ಟವಾದ ಭಾಗ. ಕಡತಕ್ಕೆ ಕನ್ನಡದಲ್ಲೇ 'ಮಡಕೆ' ಎಂದು ಹೆಸರಿಟ್ಟು 'ಗಿಟ್ ಸ್ಟೇಟಸ್' ಕೇಳಿ ನೋಡಿ. ಮಡಕೆ ಎಲ್ಲೂ ಇರುವುದಿಲ್ಲ! 340, 262, 256 ಎಂದು ಶುರುವಾಗುವ ಹನ್ನೆರಡು ಸಂಖ್ಯೆಗಳ ಸಾಲು ಬರುತ್ತದೆ. ಕಂಪ್ಯೂಟರಿಗೆ ಅಕ್ಷರವೆಂದರೆ ಸಂಖ್ಯೆ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ 'ಮ'ಕ್ಕೆ ಮೂರು ಬೇಕು. ಆ ಮೂರು ಬೈಟುಗಳೇ 340, 262, 256. ಎಂಟರ ಲೆಕ್ಕದಲ್ಲಿ ಬರೆದದ್ದರಿಂದ ಅಲ್ಲಿ 8, 9 ಕಾಣುವುದೇ ಇಲ್ಲ. ಮ, ಡ, ಕ ಮೂರೇ ಅಕ್ಷರ, ಒಂಬತ್ತಾಗಬೇಕಿತ್ತಲ್ಲವೇ? 'ಕೆ'ಯ ಎತ್ವಕ್ಕೂ ಬೇರೆಯಾಗಿ ಮೂರು ಬೈಟ್ ಬೇಕು.

ಗಿಟ್ ಇಂಥ ಬೈಟುಗಳನ್ನು ಅಪರೂಪದವೆಂದು ಎಣಿಸಿ ಸಂಖ್ಯೆಯಲ್ಲಿ ತೋರಿಸುತ್ತದೆ. ನಮಗೆ ಅವು ಅಪರೂಪವೇ? ದಿನವೂ ಓದುವ ಅಕ್ಷರಗಳು! 'ಗಿಟ್ ಕಾನ್ಫಿಗ್', ಎರಡು ಅಡ್ಡಗೆರೆ ಸೇರಿಸಿ 'ಗ್ಲೋಬಲ್', ಬಳಿಕ 'ಕೋರ್ ಡಾಟ್ ಕೋಟ್‌ಪಾತ್', ಕೊನೆಗೆ 'ಫಾಲ್ಸ್' ಎಂದು ಒಂದೇ ಸಾಲಿನಲ್ಲಿ ಬರೆದುಬಿಟ್ಟರೆ ಮಡಕೆ ಮಡಕೆಯಾಗಿಯೇ ಕಾಣುತ್ತದೆ.

ಆದರೆ ಆ ಆಜ್ಞೆ ಕೊಡುವ ಮುನ್ನ 'ಕುಂಬಾರ' ಎಂಬ ಹೆಸರಿನ ಕಡತವೊಂದನ್ನು ಮಾಡಿ, ಎಷ್ಟು ಸಂಖ್ಯೆ ಬರುತ್ತವೆ ಎಣಿಸಿ. ಕೊಂಬು, ಸೊನ್ನೆ, ದೀರ್ಘಗಳನ್ನು ಮರೆಯಬೇಡಿ.