ಹಳೆ ಪಿಕಪ್ ತಗೊಂಡ ಮೇಲೆ ಮೊದಲ ಖರ್ಚು ಯಾವುದಕ್ಕೆ?

(ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಸ್ವಸಹಾಯ ಸಂಘ ಮತ್ತು ರೈತ ಗುಂಪುಗಳ ಸದಸ್ಯರ ತರಬೇತಿಯಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟಿರುವ ವಿಷಯ "ಹಳೆಯ ಡೀಸೆಲ್ ಪಿಕಪ್ ವಾಹನದ ನಿರ್ವಹಣೆ ಮತ್ತು ಸುಧಾರಣೆ" ಅಂತ. ಹೆಸರು ದೊಡ್ಡದಾಯ್ತು. ನಾನು ಹೇಳಬೇಕೆಂದಿರುವುದು ಸಣ್ಣ ವಿಷಯ. ಗಾಡಿ ಕೊಂಡು ಮನೆಗೆ ತಂದ ಮೇಲೆ ಕೈಯಲ್ಲಿ ಒಂದಿಷ್ಟು ದುಡ್ಡು ಉಳಿದಿರುತ್ತೆ. ಅದನ್ನು ಮೊದಲು ಯಾವುದಕ್ಕೆ ಹಾಕಬೇಕು?

ನಮ್ಮ ಕಡೆ ಪಿಕಪ್ ಯಾಕೆ ಬೇಕು ಅಂತ ನಿಮಗೆ ವಿವರಿಸಬೇಕಾಗಿಲ್ಲ. ಕೋಲಾರದ ಎಪಿಎಂಸಿ ಯಾರ್ಡು ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿ ಲೆಕ್ಕವೆಲ್ಲ 15 ಕೆಜಿ ಬಾಕ್ಸಿಗೆ. 2023ರ ಜುಲೈನಲ್ಲಿ ಆ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದನ್ನು ನೋಡಿದ್ದೀರಿ. ಸಾಗಣೆ ಬಾಡಿಗೆ ಕೂಡ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದಿದ್ದನ್ನೂ ನೋಡಿದ್ದೀರಿ. ಶ್ರೀನಿವಾಸಪುರದ ಮಾವು ಎರಡು ಮೂರು ತಿಂಗಳ ಆಟ. ಆ ಹೊತ್ತಿನಲ್ಲಿ ಬಾಡಿಗೆ ಗಾಡಿಯವನು ಹೇಳಿದ್ದೇ ರೇಟು. ಮಾಲೂರಿನವರ ತರಕಾರಿ, ಹೂವು ಬೆಳಗಾಗುವ ಮೊದಲೇ ಬೆಂಗಳೂರು ಮುಟ್ಟಬೇಕು. ಮುಳಬಾಗಿಲಿನವರು ಗಡಿ ದಾಟಿ ಮದನಪಲ್ಲಿಗೂ ಮಾಲು ಹಾಕುತ್ತಾರೆ. ಹೀಗಿರುವಾಗ ನಾಲ್ಕೈದು ಮನೆಯವರು ಸೇರಿ, ಸಂಘದ ಸಾಲ ಕೂಡಿಸಿ, ಒಂದು ಹಳೆ ಬೊಲೆರೊ ಪಿಕಪ್ಪೋ ಟಾಟಾ ಏಸೋ ತಗೊಳ್ಳುವುದು ಕೆಟ್ಟ ಯೋಚನೆ ಏನಲ್ಲ.

ಆದರೆ ಗಾಡಿ ಬಂದ ಮರುದಿನ ಏನಾಗುತ್ತೆ? ಪೂಜೆ ಆಗುತ್ತೆ, ನಿಂಬೆಹಣ್ಣು ಆಗುತ್ತೆ. ಆಮೇಲೆ ನೇರವಾಗಿ ಪ್ಲೇಟ್ ಅಂಗಡಿಗೆ. ಹಿಂದಿನ ಸ್ಪ್ರಿಂಗಿಗೆ ಎರಡೆರಡು ಪ್ಲೇಟ್ ಜಾಸ್ತಿ, ಬಾಡಿ ಸುತ್ತ ಕಬ್ಬಿಣದ ಆಂಗಲ್ ಕಟ್ಟಿ ಒಂದೂವರೆ ಅಡಿ ಎತ್ತರ, ದುಡ್ಡು ಮಿಕ್ಕಿದರೆ ಸೌಂಡ್ ಬಾಕ್ಸು. ಕೇಳಿದರೆ "ಇನ್ನು ನಲವತ್ತು ಬಾಕ್ಸ್ ಜಾಸ್ತಿ ಹಿಡಿಯುತ್ತೆ ಸಾರ್" ಅಂತಾರೆ.

ಹಿಡಿಯುತ್ತೆ, ನಿಜ. ಆದರೆ ನಿಲ್ಲುತ್ತಾ?

ಒಂದು ಲೆಕ್ಕ ಮಾಡೋಣ. ಆರ್‌ಸಿ ತೆಗೆದು ನೋಡಿ, ಖಾಲಿ ಗಾಡಿಯ ತೂಕ ಒಂದು ಕಡೆ, ಮಾಲು ಸಮೇತ ಒಟ್ಟು ತೂಕ ಇನ್ನೊಂದು ಕಡೆ ಇರುತ್ತೆ. ಒಂದರಲ್ಲಿ ಒಂದು ಕಳೆದರೆ ಉಳಿಯುವುದೇ ನಿಮ್ಮ ಗಾಡಿ ಹೊರಬಹುದಾದ ಭಾರ, ಅದೂ ಡ್ರೈವರನ್ನು ಸೇರಿಸಿ. ಅದು 1,300 ಕೆಜಿ ಅಂತ ಇಟ್ಟುಕೊಳ್ಳಿ. ಹಣ್ಣು 15 ಕೆಜಿ ಆದರೂ ಪ್ಲಾಸ್ಟಿಕ್ ಕ್ರೇಟಿನ ತೂಕ ಸೇರಿ 17 ಕೆಜಿ ಹಿಡಿಯಬೇಕು. ಡ್ರೈವರ್ ಜೊತೆ ಒಬ್ಬರು ಕೂತರೆ ಎಪ್ಪತ್ತು ಬಾಕ್ಸಿಗೆ ಗಾಡಿ ತುಂಬಿತು. ನಾವು ಹೇರುವುದು ನೂರಿಪ್ಪತ್ತು. ಅಂದರೆ ಎರಡು ಟನ್ನಿಗಿಂತ ಹೆಚ್ಚು. 2019ರ ತಿದ್ದುಪಡಿಯಾದ ಮೇಲೆ ಕೇಂದ್ರದ ಮೋಟಾರು ವಾಹನ ಕಾಯ್ದೆಯಲ್ಲಿ ಇದಕ್ಕೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ ಬರೆದಿದೆ. ದಂಡದ ಮಾತು ಬಿಡಿ, ಹಿಡಿದಾಗ ನೋಡ್ಕೊಳ್ತೀವಿ ಅಂತೀರಿ. ಬ್ರೇಕಿನ ಮಾತು ಕೇಳಿ.

ಅನೇಕ ಪಿಕಪ್‌ಗಳ ಹಿಂದಿನ ಆಕ್ಸಲ್ ಹತ್ತಿರ ಒಂದು ಸಣ್ಣ ವಾಲ್ವ್ ಇರುತ್ತೆ, ಅದಕ್ಕೊಂದು ಕಂಬಿ ಜೋಡಿಸಿರುತ್ತಾರೆ. ಮೆಕ್ಯಾನಿಕ್‌ಗಳು ಎಲ್‌ಎಸ್‌ಪಿವಿ ಅಂತಾರೆ. ಮಾಲು ಹೇರಿದಾಗ ಬಾಡಿ ಕೆಳಗೆ ಕೂರುತ್ತೆ, ಕಂಬಿ ಅಲುಗಾಡುತ್ತೆ, ಆಗ ವಾಲ್ವಿಗೆ ಭಾರ ಇದೆ ಅಂತ ಗೊತ್ತಾಗಿ ಹಿಂದಿನ ಚಕ್ರಗಳಿಗೆ ಬ್ರೇಕ್ ಆಯಿಲ್ ಒತ್ತಡ ಜಾಸ್ತಿ ಬಿಡುತ್ತೆ. ಗಾಡಿ ಖಾಲಿ ಇದ್ದಾಗ ಒತ್ತಡ ಕಮ್ಮಿ, ಇಲ್ಲದಿದ್ದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತೆ. ಕಂಪನಿಯವನು ಯೋಚನೆ ಮಾಡಿಯೇ ಇಟ್ಟಿದ್ದಾನೆ. ಈಗ ನೀವು ಎರಡು ಪ್ಲೇಟ್ ಜಾಸ್ತಿ ಹಾಕಿಸಿದಿರಿ. ಎಷ್ಟು ಹೇರಿದರೂ ಬಾಡಿ ಮೊದಲಿನ ಹಾಗೆ ಕೂರುವುದಿಲ್ಲ. "ನೋಡಿ ಹೆಂಗೆ ನಿಂತಿದೆ" ಅಂತ ನಮಗೆ ಖುಷಿ. ವಾಲ್ವು ಮಾತ್ರ ಗಾಡಿ ಖಾಲಿ ಅಂತಲೇ ತಿಳಿದುಕೊಂಡಿರುತ್ತೆ. ಎರಡು ಟನ್ ಭಾರ, ಹಿಂದಿನ ಬ್ರೇಕು ಖಾಲಿ ಗಾಡಿಯದು. ಮುಳಬಾಗಿಲು ಕಡೆಯಿಂದ ಹೆದ್ದಾರಿಯಲ್ಲಿ ಬರುವಾಗ ಮುಂದಿನ ಲಾರಿ ಬ್ರೇಕ್ ಹಾಕಿದರೆ ನಿಮ್ಮ ಗಾಡಿ ಎಲ್ಲಿ ನಿಲ್ಲುತ್ತೆ ಅಂತ ನೀವೇ ಲೆಕ್ಕ ಹಾಕಿ.

ಆದ್ದರಿಂದ ಮೊದಲ ದುಡ್ಡು ಬ್ರೇಕಿಗೆ. ನಾಲ್ಕೂ ಚಕ್ರ ಬಿಚ್ಚಿಸಿ, ಎದುರಿಗೆ ನಿಂತು ನೋಡಿ. ಲೈನರ್ ಸವೆದಿದೆಯಾ, ಸಿಲಿಂಡರ್ ಸೋರುತ್ತಾ, ರಬ್ಬರ್ ಹೋಸ್ ಬಿರುಕು ಬಿಟ್ಟಿದೆಯಾ, ಆ ಕಂಬಿ ಜಾಗದಲ್ಲಿದೆಯಾ, ಇಲ್ಲಾ ಹಳೇ ಮಾಲೀಕ ತಂತಿ ಹಾಕಿ ಕಟ್ಟಿಬಿಟ್ಟಿದ್ದಾನಾ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಬೇಕು. ಹಳೆ ಗಾಡಿಯಾದರೆ ಹಳೇ ಮಾಲೀಕನ ಮಾತು ನಂಬದೆ ಮೊದಲ ದಿನವೇ ಬದಲಾಯಿಸಿ. ರಿಟ್ರೆಡ್ ಮಾಡಿಸಿದ ಟೈರುಗಳನ್ನು ಮುಂದೆ ಮಾತ್ರ ಹಾಕಬೇಡಿ.

ಎರಡನೆಯದು ನೀರು. ಇದು ನಮ್ಮ ಜಿಲ್ಲೆಯ ವಿಶೇಷ ಕಾಯಿಲೆ. ನಮ್ಮ ಬೋರ್‌ವೆಲ್ ನೀರು ಎಂಥದ್ದು ಅಂತ ಸ್ನಾನದ ನೀರು ಕಾಯಿಸುವ ಹಂಡೆಯೊಳಗೆ ಕೈ ಹಾಕಿದರೆ ಗೊತ್ತಾಗುತ್ತೆ, ಬಿಳಿ ಪದರ ಕಟ್ಟಿರುತ್ತೆ. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಅಲ್ಲೂ ಅದೇ ಪದರ. ರೇಡಿಯೇಟರಿನ ಕೊಳವೆಗಳು ಕಡ್ಡಿಯಷ್ಟು ಸಣ್ಣವು, ಕಟ್ಟಿಕೊಂಡರೆ ಎಂಜಿನ್ ಕಾಯುತ್ತೆ, ಹೆಡ್ ಗ್ಯಾಸ್ಕೆಟ್ ಹೋಗುತ್ತೆ, ಸಂಘದ ಸಾಲದ ಮೇಲೆ ಇನ್ನೊಂದು ಸಾಲ. ಕೂಲಂಟ್ ಜೊತೆ ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕುವುದು ಸರಿಯಾದ ಕ್ರಮ. ದಾರಿಯಲ್ಲಿ ತುರ್ತು ಬಂದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬೋರ್ ನೀರಿಗಿಂತ ಎಷ್ಟೋ ಮೇಲು. ಒಂದು ಕ್ಯಾನ್ ಗಾಡಿಯಲ್ಲೇ ಇಟ್ಟಿರಿ. ಕೆಲವು ಮೆಕ್ಯಾನಿಕ್‌ಗಳು ಎಂಜಿನ್ ಕಾಯುತ್ತೆ ಅಂದ ತಕ್ಷಣ ಥರ್ಮೋಸ್ಟಾಟ್ ಕಿತ್ತು ಬಿಸಾಡುತ್ತಾರೆ. ಒಪ್ಪಬೇಡಿ. ಆಗ ಎಂಜಿನ್ ಬೇಕಾದಷ್ಟು ಬಿಸಿಯಾಗಲು ತುಂಬಾ ಹೊತ್ತು ಹಿಡಿಯುತ್ತೆ, ಡೀಸೆಲ್ ಜಾಸ್ತಿ ಕುಡಿಯುತ್ತೆ, ಬೇಗ ಸವೆಯುತ್ತೆ. ಕಟ್ಟಿಕೊಂಡ ರೇಡಿಯೇಟರನ್ನು ಶುದ್ಧಿ ಮಾಡಿಸುವುದೇ ಮದ್ದು.

ಮೂರನೆಯದು ಧೂಳು. ಮಾಲೂರಿನ ಇಟ್ಟಿಗೆ ಗೂಡುಗಳ ಕಡೆ, ಕಲ್ಲು ಕ್ವಾರಿಗಳ ಕಡೆ ಓಡುವ ಗಾಡಿಗೆ ಏರ್ ಫಿಲ್ಟರಿನ ವಿಷಯದಲ್ಲಿ ಕೈಪಿಡಿಯ ಲೆಕ್ಕ ಸಾಲದು, ವಾರಕ್ಕೊಮ್ಮೆ ತೆಗೆದು ನೋಡಬೇಕು. ಗಾಳಿ ಹೊಡೆಯುವಾಗ ಒಳಗಿನಿಂದ ಹೊರಗೆ ಹೊಡೆಯಿರಿ. ಹರಿದಿದ್ದರೆ ದಾಕ್ಷಿಣ್ಯ ಇಲ್ಲದೆ ಎಸೆಯಿರಿ, ಆ ಧೂಳು ಪಿಸ್ಟನ್ ರಿಂಗನ್ನು ಅರೆದು ಹಾಕುತ್ತೆ. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಬಿಡುವ ತಿರುಪು ಇದ್ದರೆ ಆಗಾಗ ಬಿಡಿ. ಕ್ಯಾನಿನಲ್ಲಿ ಅಗ್ಗಕ್ಕೆ ಮಾರುವ ಡೀಸೆಲ್ ಬೇಡವೇ ಬೇಡ.

ಇಲ್ಲೊಂದು ಎಚ್ಚರಿಕೆ. ಹಳೆ ಕಾಲದ ಪಂಪಿನ ಎಂಜಿನ್‌ನಲ್ಲಿ ಯಾವ ಸಿಲಿಂಡರ್ ಸತ್ತಿದೆ ಅಂತ ನೋಡಲು ಎಂಜಿನ್ ಓಡುತ್ತಿರುವಾಗಲೇ ನಾಝಲ್ ಪೈಪಿನ ನಟ್ ಸಡಿಲಿಸುತ್ತಿದ್ದರು. ಕಾಮನ್ ರೈಲ್ ಎಂಜಿನ್‌ನಲ್ಲಿ ಹಾಗೆ ಮಾಡಲೇಬಾರದು. ಅದರ ಒತ್ತಡ ಸಾವಿರ ಬಾರ್ ದಾಟುತ್ತೆ, ಡೀಸೆಲ್ ಸೂಜಿಯ ಹಾಗೆ ಚರ್ಮದೊಳಗೆ ನುಗ್ಗುತ್ತೆ. ಹಾಗೆಯೇ ಹಳೆ ಎಂಜಿನ್‌ನಲ್ಲಿ "ಪುಲ್ಲಿಂಗ್" ಬರಲಿ ಅಂತ ಪಂಪಿನಲ್ಲಿ ಡೀಸೆಲ್ ಏರಿಸುವುದೂ ಬೇಡ. ಬರುವುದು ಕಪ್ಪು ಹೊಗೆ ಮತ್ತು ಕಾವು.

ಇನ್ನೂ ಗಾಡಿ ತಗೊಳ್ಳದವರು ಎರಡು ಮಾತು ನೆನಪಿಡಿ. ಬೆಳಿಗ್ಗೆ ಹೋಗಿ, ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾನೆ ಅಂತ ಅನುಮಾನ ಪಡಬೇಕು. ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಮೆಲ್ಲಗೆ ತೆಗೆಯಿರಿ, ಹೊಗೆ ಬುಸುಬುಸು ಬಂದರೆ ಪಿಸ್ಟನ್ ಕಡೆ ಸವೆದಿದೆ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಕಿಲೋಮೀಟರ್ ಮೀಟರನ್ನು ನಂಬುವ ಬದಲು ಕ್ಲಚ್ ಪೆಡಲಿನ ರಬ್ಬರ್ ನೋಡಿ.

ಸುಧಾರಣೆ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಹೆಡ್‌ಲೈಟಿಗೆ ರಿಲೇ ಹಾಕಿ ಬ್ಯಾಟರಿಯಿಂದ ನೇರ ವೈರ್ ಎಳೆಸಿದರೆ ಹಳೇ ಬಲ್ಬೇ ಚೆನ್ನಾಗಿ ಉರಿಯುತ್ತೆ. ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿ ಬೇಕಾಗಿಲ್ಲ. ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ರೇಡಿಯಂ ಪಟ್ಟಿ ಹಚ್ಚಿಸಿ. ಮುಂಜಾನೆ ಮೂರು ಗಂಟೆಗೆ ಯಾರ್ಡಿಗೆ ಹೊರಡುವ ಗಾಡಿಗೆ ಇದು ಅಲಂಕಾರ ಅಲ್ಲ.

ಈಗ ನನಗೆ ಎಲ್ಲಕ್ಕಿಂತ ಕಷ್ಟವಾಗುವ ವಿಷಯಕ್ಕೆ ಬರುತ್ತೇನೆ. ಪ್ಲೇಟ್ ಹಾಕಿಸಿದ ಇದೇ ಗಾಡಿ ಬೆಳಿಗ್ಗೆ ಟೊಮೆಟೊ ಬಿಡಿಸಲು ಹೋಗುವ ಹೆಂಗಸರನ್ನು ಹಿಂದೆ ನಿಲ್ಲಿಸಿಕೊಂಡು ಹೊರಡುತ್ತೆ. ಇಲ್ಲಿ ಕೂತಿರುವ ಎಷ್ಟೋ ಅಕ್ಕಂದಿರು ಹಾಗೆ ಹೋದವರೇ. ಸರಕು ಗಾಡಿಯಲ್ಲಿ ಹಾಗೆ ಹೋಗುವ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟು 2002ರಲ್ಲೇ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಮಾಲಿನ ಮಾಲೀಕ ಅಥವಾ ಅವನ ಪ್ರತಿನಿಧಿ ಮಾಲಿನ ಜೊತೆ ಹೋದರೆ ಕಾನೂನು ಬೇರೆ. ಹಣ್ಣು ಬಿಡಿಸುವ ಕೂಲಿಗೆ ಹೋಗುವವರು ಆ ಲೆಕ್ಕಕ್ಕೆ ಬರುವುದಿಲ್ಲ. ಅಪಘಾತವಾದರೆ ಪರಿಹಾರ ಗಾಡಿ ಮಾಲೀಕನ ತಲೆಗೆ. ಸಂಘದ ಗಾಡಿಯಾದರೆ ಮಾಲೀಕರು ಯಾರು? ಗಾಯ ಆದವಳೂ ನಮ್ಮ ಸದಸ್ಯೆ, ದುಡ್ಡು ಕೊಡಬೇಕಾದವರೂ ನಾವೇ. ಆಟೋ ಬಾಡಿಗೆ ಕೊಡುವುದು ಕಷ್ಟ ಅಂತ ನನಗೂ ಗೊತ್ತು. ಕೂಲಿ ಮಾತಾಡುವಾಗಲೇ ಹೋಗಿಬರುವ ಖರ್ಚನ್ನು ಸೇರಿಸಿ ಮಾತಾಡಿ, ಒಬ್ಬೊಬ್ಬರಾಗಿ ಅಲ್ಲ, ಸಂಘವಾಗಿ.

ಕಾಗದಪತ್ರದ ಬಗ್ಗೆ ಬೇಗ ಮುಗಿಸುತ್ತೇನೆ. ಆರ್‌ಸಿ ನಿಮ್ಮ ಹೆಸರಿಗೆ ಆಗುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಮಾರಿದವನಿಗೂ ಇದೇ ಮಾತು: ನವೀನ್ ಕುಮಾರ್ ಪ್ರಕರಣದಲ್ಲಿ, 2018ರಲ್ಲಿ, ಆರ್‌ಸಿಯಲ್ಲಿ ಹೆಸರಿರುವವನೇ ಅಪಘಾತಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಗಾಡಿ ಕೈ ಬದಲಾಗಿ ನಾಲ್ಕನೆಯವನ ಹತ್ತಿರ ಇದ್ದರೂ ಅಷ್ಟೇ. ಗಾಡಿಯ ಮೇಲೆ ಫೈನಾನ್ಸ್ ಸಾಲ ಇದೆಯಾ, ಎಫ್‌ಸಿ, ವಿಮೆ ಯಾವತ್ತಿಗೆ ಮುಗಿಯುತ್ತೆ ಅಂತ ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಡಬಹುದು, ಸಂಘದ ಓದಿದ ಮಕ್ಕಳಿಗೆ ಹೇಳಿ. ಸಾಲ ತೀರಿದ್ದರೂ ಫಾರಂ 35 ಹಾಕಿ ಆರ್‌ಸಿಯಿಂದ ತೆಗೆಸಿರಬೇಕು. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ಪ್ರತಿ ವರ್ಷ. ಒಟ್ಟು ತೂಕ 3,000 ಕೆಜಿ ದಾಟಿದರೆ ಪರ್ಮಿಟ್ ಬೇಕು, ಮದನಪಲ್ಲಿಗೆ ಹೋಗುವವರು ಗಮನಿಸಿ. ಡ್ರೈವರ್ ವಿಷಯದಲ್ಲಿ ಒಂದು ಒಳ್ಳೆ ಸುದ್ದಿ ಇದೆ: 7,500 ಕೆಜಿಯೊಳಗಿನ ಸರಕು ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ಸಂಘದ ನಡಾವಳಿ ಪುಸ್ತಕದ ಹಾಗೆ ಗಾಡಿಗೂ ಒಂದು ಪುಸ್ತಕ ಇಡಿ. ಎಷ್ಟು ಕಿಲೋಮೀಟರ್, ಎಷ್ಟು ಡೀಸೆಲ್, ಯಾವತ್ತು ಆಯಿಲ್ ಬದಲಾಯಿಸಿದ್ದು. ಕಿಲೋಮೀಟರಿಗೆ ಎರಡು ರೂಪಾಯಿ ತೆಗೆದಿಟ್ಟರೆ, ದಿನಕ್ಕೆ ನೂರು ಕಿಲೋಮೀಟರಿನಂತೆ 25 ದಿನಕ್ಕೆ ಐದು ಸಾವಿರ ಆಗುತ್ತೆ. ಟೈರು, ಬ್ರೇಕು ಆ ದುಡ್ಡಿನಲ್ಲಿ ಆಗಬೇಕು. ಡ್ರೈವರ್ ಬರೆಯಲಿ, ಲೆಕ್ಕ ನೋಡುವವರು ಬೇರೆಯವರಿರಲಿ.

ಹೊರಗೆ ಎರಡು ಪಿಕಪ್ ನಿಲ್ಲಿಸಿದ್ದೇವೆ. ಒಂದಕ್ಕೆ ಪ್ಲೇಟ್ ಹಾಕಿಸಿದ್ದಾರೆ, ಇನ್ನೊಂದು ಕಂಪನಿಯಿಂದ ಬಂದ ಹಾಗೇ ಇದೆ. ಎರಡರ ಅಡಿಗೂ ಬಗ್ಗಿ ಆ ವಾಲ್ವು, ಕಂಬಿ ಎಲ್ಲಿದೆ ಅಂತ ನೋಡೋಣ. ಅಕ್ಕಂದಿರು ಸೀರೆ ಕೊಳೆಯಾಗುತ್ತೆ ಅಂತ ಹಿಂದೆ ನಿಲ್ಲಬೇಡಿ, ಗೋಣಿಚೀಲ ಹಾಸಿದ್ದೇವೆ. ಬನ್ನಿ.