ಕಾಲಿನ ಮೂಳೆ, ಬಾಯಿಯ ಮಾತು

ಬಾಯಿ, ನಾಲಿಗೆ, ದವಡೆ, ಗಂಟಲುಗಳಲ್ಲಿ ಹುಟ್ಟುವ ಕ್ಯಾನ್ಸರ್ ಮನುಷ್ಯನ ಮಾತು, ಊಟ, ಮುಖಚಹರೆಗಳನ್ನು ಒಟ್ಟಿಗೇ ಕಸಿಯಬಲ್ಲದಾದ್ದರಿಂದ, ಅದನ್ನು ಗುಣಪಡಿಸಲು ಹೊರಟ ಶಸ್ತ್ರವೈದ್ಯರ ಹೊಣೆ ಗಡ್ಡೆಯನ್ನು ತೆಗೆದಲ್ಲಿಗೆ ಮುಗಿಯುವುದಿಲ್ಲ. ಗಡ್ಡೆಯೊಡನೆ ಸುತ್ತಲಿನ ಆರೋಗ್ಯವಂತ ಅಂಗಾಂಶದ ಅಂಚನ್ನೂ ತೆಗೆಯಬೇಕಾಗುವುದರಿಂದ ಉಂಟಾಗುವ ಕೊರತೆಯನ್ನು ದೇಹದ ಬೇರೊಂದು ಭಾಗದಿಂದ ತುಂಬಿಕೊಡುವ ಕೆಲಸಕ್ಕೆ ಪುನರ್ನಿರ್ಮಾಣ ಶಸ್ತ್ರಚಿಕಿತ್ಸೆ ಎಂದು ಹೆಸರು.

ಅಮೆರಿಕದ ಡೇವಿಡ್ ಹಿಡಾಲ್ಗೋ 1989ರಲ್ಲಿ ಕೆಳದವಡೆಗಾಗಿ ವಿವರಿಸಿದ ವಿಧಾನದಲ್ಲಿ, ಮೊಣಕಾಲಿನ ಕೆಳಗಿರುವ ಎರಡು ಮೂಳೆಗಳಲ್ಲಿ ತೆಳುವಾದ, ಮೈಭಾರವನ್ನು ಅಷ್ಟಾಗಿ ಹೊರದ ಫಿಬುಲಾವನ್ನು ರಕ್ತನಾಳಗಳ ಸಮೇತ ತೆಗೆದು, ದವಡೆಯ ಬಾಗಿಗೆ ಹೊಂದುವಂತೆ ಕತ್ತರಿಸಿ ಜೋಡಿಸಿ, ಕೆಲವೇ ಮಿಲಿಮೀಟರ್ ಅಗಲದ ಆ ನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ನವಿರಾದ ದಾರದಿಂದ ಕುತ್ತಿಗೆಯ ನಾಳಗಳಿಗೆ ಹೊಲಿಯಲಾಗುತ್ತದೆ. ರಕ್ತ ಸರಾಗವಾಗಿ ಹರಿದರೆ ನಡೆಯಲು ನೆರವಾಗಿದ್ದ ಮೂಳೆ ಅಗಿಯಲು ನೆರವಾಗುತ್ತದೆ. ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಇಡೀ ಶ್ರಮ ವ್ಯರ್ಥವಾಗಬಹುದಾದ್ದರಿಂದ ಮೊದಲ ದಿನಗಳಲ್ಲಿ ಕಸಿಯ ಬಣ್ಣ, ಬಿಸುಪುಗಳನ್ನು ಹಗಲಿರುಳು ಗಮನಿಸಲಾಗುತ್ತದೆ.

ಇಷ್ಟಾದರೂ ನುಂಗುವುದನ್ನೂ ನುಡಿಯುವುದನ್ನೂ ರೋಗಿ ತಿಂಗಳುಗಟ್ಟಲೆ ಮತ್ತೆ ಕಲಿಯಬೇಕಾಗುತ್ತದೆ. ತಂಬಾಕಿನಂತೆ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿರುವಾಗ, ಅಡಿಕೆ ಬೆಳೆಯುವ ಮತ್ತು ಎಲೆಯಡಿಕೆಯಿಂದ ಅತಿಥಿಯನ್ನು ಆದರಿಸುವ ಕನ್ನಡ ನಾಡಿಗೆ ಬಾಯಿ ಕ್ಯಾನ್ಸರಿನ ಈ ಮಾತು ದೂರದ್ದಲ್ಲ. ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣನ್ನು ವೈದ್ಯರಿಗೆ ತೋರಿಸುವ ಎಚ್ಚರವಿದ್ದರೆ, ಬಹಳಷ್ಟು ಸಲ ಕಾಲಿನ ಮೂಳೆ ಕಾಲಿನಲ್ಲೇ ಉಳಿಯುತ್ತದೆ.