ಕಾವು ಕಾಯುವ ನಾರು



ಚಳಿಗಾಲದಲ್ಲಿ ನಾವು ಕೌದಿ ಹೊದ್ದುಕೊಳ್ಳುತ್ತೇವೆ. ಮೈ ಬೆಚ್ಚಗಾಗುತ್ತದೆ. ಕೌದಿಯಲ್ಲಿ ಬೆಂಕಿ ಇದೆಯೇ? ಇಲ್ಲ. ಹಾಗಾದರೆ ಕಾವು ಎಲ್ಲಿಂದ ಬಂತು?

ಅದು ನಮ್ಮ ಮೈಯ ಕಾವೇ. ಕೌದಿ ಅದನ್ನು ಹೊರಗೆ ಹೋಗಲು ಬಿಡಲಿಲ್ಲ, ಅಷ್ಟೇ.

ಕೌದಿಯಲ್ಲಿ ಏನಿದೆ? ಹಳೆಯ ಸೀರೆ, ಹಳೆಯ ಧೋತರ. ಎಲ್ಲಾ ಹತ್ತಿಯ ನೂಲು. ಹತ್ತಿಯಲ್ಲಿ ನೂರಕ್ಕೆ ಸುಮಾರು 90 ಪಾಲು ಒಂದೇ ವಸ್ತು ಇದೆ. ಅದರ ಹೆಸರು ಸೆಲ್ಯುಲೋಸ್. ಹುಲ್ಲು, ಕಟ್ಟಿಗೆ, ಸೆಣಬು, ಕಾಗದ, ಎಲ್ಲದರಲ್ಲೂ ಅದು ಇದೆ. 1838ರಲ್ಲಿ ಫ್ರಾನ್ಸ್ ದೇಶದ ವಿಜ್ಞಾನಿ ಆನ್ಸೆಲ್ಮ್ ಪಾಯೆನ್ ಅದನ್ನು ಗಿಡಗಳಿಂದ ಬೇರೆ ಮಾಡಿ ತೋರಿಸಿದರು.

ಈ ನಾರಿನ ನಡುವೆ ಸಣ್ಣ ಸಣ್ಣ ಸಂದುಗಳಿವೆ. ಅಲ್ಲಿ ಗಾಳಿ ಸಿಕ್ಕಿಕೊಂಡು ನಿಲ್ಲುತ್ತದೆ. ನಿಂತ ಗಾಳಿ ಕಾವನ್ನು ಬೇಗ ದಾಟಿಸುವುದಿಲ್ಲ. ಗುಟ್ಟು ಇಷ್ಟೇ. ಒಳಗಿನ ಕಾವು ಬೇಗ ಹೊರಗೆ ಹೋಗದು. ಹೊರಗಿನ ಕಾವು ಬೇಗ ಒಳಗೆ ಬಾರದು. ಅದಕ್ಕೇ ಮಂಜುಗಡ್ಡೆಗೆ ಮರದ ಹೊಟ್ಟು ಮುಚ್ಚಿ ಇಡುತ್ತಾರೆ. ಅದಕ್ಕೇ ಹುಲ್ಲು ಹೊದಿಸಿದ ಮನೆ ಬೇಸಿಗೆಯಲ್ಲಿ ತಂಪು.

ಅಮೆರಿಕದಲ್ಲಿ ಹಳೆಯ ಪೇಪರನ್ನು ಚೂರು ಮಾಡಿ ಮನೆಯ ಗೋಡೆಯೊಳಗೆ, ಅಟ್ಟದ ಮೇಲೆ ತುಂಬುತ್ತಾರೆ. ಬೆಂಕಿ ಬೇಗ ಹತ್ತದಿರಲಿ ಎಂದು ಬಿಳಿಗಾರ ಬೆರೆಸುತ್ತಾರೆ. ಹೌದು, ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವೇ! 1970ರ ದಶಕದಲ್ಲಿ ಎಣ್ಣೆಯ ಬೆಲೆ ಏರಿತು. ಆಗ ಅಲ್ಲಿ ಇದರ ಬಳಕೆ ಹೆಚ್ಚಾಯಿತು. ಮನೆ ಬೆಚ್ಚಗಿಡಲು ಕಡಿಮೆ ಉರುವಲು ಸಾಕಾಯಿತು.

ಉರುವಲಿನ ಚಿಂತೆ ನಮಗಿಲ್ಲವೇ? ಕಟ್ಟಿಗೆ ಹೊರುವ ತಲೆ ನಮ್ಮದು. ಹೊಗೆಗೆ ಉರಿಯುವ ಕಣ್ಣು ನಮ್ಮದು. ಗ್ಯಾಸ್ ಇದ್ದರೂ ಸಿಲಿಂಡರ್ ಮುಗಿಯುವ ಭಯ ಇದ್ದೇ ಇದೆ. ಹಾಗಾದರೆ ಹುಲ್ಲಿನ ಬುಟ್ಟಿ ಮಾಡೋಣ.

ಒಂದು ದೊಡ್ಡ ಬುಟ್ಟಿ ಬೇಕು. ಅದರ ತಳಕ್ಕೂ ಸುತ್ತಲೂ ಒಣಗಿದ ಬತ್ತದ ಹುಲ್ಲನ್ನು ಅರ್ಧ ಗೇಣು ದಪ್ಪ ಒತ್ತಿ ತುಂಬಬೇಕು. ನಡುವೆ ಪಾತ್ರೆ ಕೂರುವಷ್ಟು ಜಾಗ ಬಿಡಬೇಕು. ಅಕ್ಕಿಯನ್ನು ಅಳತೆಯ ನೀರಿನಲ್ಲಿ ಒಲೆಯ ಮೇಲೆ ಇಡಬೇಕು. ಕುದಿ ಬಂದ ಮೇಲೆ 5 ನಿಮಿಷ ಕುದಿಸಬೇಕು. ಮುಚ್ಚಳ ಮುಚ್ಚಿದ ಪಾತ್ರೆಯನ್ನು ಕೂಡಲೇ ಬುಟ್ಟಿಯಲ್ಲಿ ಇಡಬೇಕು. ಮೇಲೆ ಹುಲ್ಲು ತುಂಬಿದ ಗೋಣಿಚೀಲ ಮುಚ್ಚಬೇಕು. ಒಂದು ತಾಸು ಬಿಟ್ಟು ತೆಗೆದರೆ ಅನ್ನ ಬೆಂದಿರುತ್ತದೆ.

ನಾವು ಮೊದಲ ಸಲ ಮಾಡಿದಾಗ ಅಕ್ಕಿ ಅರ್ಧ ಮಾತ್ರ ಬೆಂದಿತ್ತು. ಯಾಕೆ ಗೊತ್ತಾ? ಬೆಂದಿತೋ ಇಲ್ಲವೋ ಅಂತ ಮೂರು ಸಲ ತೆರೆದು ನೋಡಿದ್ದೆವು! ತೆರೆದಾಗಲೆಲ್ಲ ಕಾವು ಹಾರಿಹೋಗಿತ್ತು. ಪಾತ್ರೆಯೂ ಅರ್ಧ ಖಾಲಿ ಇತ್ತು. ತುಂಬಿದ ಪಾತ್ರೆ ಕಾವನ್ನು ಹೆಚ್ಚು ಹೊತ್ತು ಹಿಡಿಯುತ್ತದೆ.

ಮೂರು ಮಾತು ಮರೆಯದಿರೋಣ.

ಒಂದು: ನಮ್ಮ ಹುಲ್ಲಿಗೆ ಬಿಳಿಗಾರ ಬೆರೆಸಿಲ್ಲ. ಕಿಡಿ ಬಿದ್ದರೆ ಹತ್ತಿಕೊಳ್ಳುತ್ತದೆ. ಬುಟ್ಟಿ ಒಲೆಯಿಂದ ದೂರ ಇರಲಿ. ಪಾತ್ರೆಯ ತಳಕ್ಕೆ ಕೆಂಡ ಅಂಟಿರಬಾರದು.

ಎರಡು: ಹುಲ್ಲು ಒಣಗಿರಲಿ. ಒದ್ದೆ ಕೌದಿ ಬೆಚ್ಚಗಿಡುತ್ತದೆಯೇ? ಇದೂ ಹಾಗೆಯೇ. ಆಗಾಗ ಬಿಸಿಲಿಗೆ ಹಾಕೋಣ.

ಮೂರು: ಅನ್ನ ಬಿಸಿ ಇರುವಾಗಲೇ ಉಣ್ಣೋಣ. ರಾತ್ರಿಯೆಲ್ಲ ಬುಟ್ಟಿಯಲ್ಲೇ ಬಿಟ್ಟರೆ ಹಳಸುತ್ತದೆ.

ಒಂದು ವಾರ ಮಾಡಿ ನೋಡೋಣ. ದಿನಕ್ಕೆ ಎಷ್ಟು ಕಟ್ಟಿಗೆ ಉಳಿಯಿತು? ಎಣಿಸೋಣ. ನಮ್ಮ ಕೈಯಿಂದಲೇ ಪಾಟಿಯ ಮೇಲೆ ಬರೆಯೋಣ.